ಮೂಗಿಗೆ ಹೊಡೆಯುವ ಹುಳಿ

ಯಾವ ತಿಂಡಿಯ ಪೊಟ್ಟಣ ಒಡೆದರೂ ನಾನು ಮೊದಲು ಅದರೊಳಗೆ ಮೂಗು ಇಡುತ್ತೇನೆ. ಬಾಯಿಯ ಸರದಿ ಆಮೇಲೆ. ಈ ಅಭ್ಯಾಸದಿಂದ ನನಗೆ ಒಳ್ಳೆಯ ಹೆಸರೇನೂ ಬಂದಿಲ್ಲ. ನೆಂಟರ ಮನೆಯಲ್ಲಿ ಕೊಟ್ಟ ಚಕ್ಕುಲಿಯನ್ನು ಮೂಸಿ, ಕೊಟ್ಟವರ ಮುಖ ಚಿಕ್ಕದಾದ ಮೇಲೆ ಎಚ್ಚೆತ್ತುಕೊಂಡಿದ್ದೂ ಉಂಟು. ಎಲ್ಲದಕ್ಕೂ ಮೂಗು ತೂರಿಸುವವಳು ಎಂದು ನಮ್ಮ ಮನೆಯವರು ತಮಾಷೆ ಮಾಡುತ್ತಾರೆ. ತೂರಿಸುತ್ತೇನೆ, ಇಲ್ಲವೆನ್ನಲಾರೆ.

ಮೊನ್ನೆ ತಿಪಟೂರಿನಲ್ಲಿ ಬಸ್ಸಿಗೆ ಕಾಯುತ್ತಾ ಒಂದು ಬೇಕರಿಯ ಮುಂದೆ ನಿಂತಿದ್ದೆ. ಚಿಪ್ಸ್ ಪೊಟ್ಟಣಗಳನ್ನು ಮದುವೆಮನೆಯ ತೋರಣದ ಹಾಗೆ ಸಾಲಾಗಿ ನೇತುಹಾಕಿದ್ದರು. ಕೆಂಪು, ಹಳದಿ, ಹಸಿರು ಎಲ್ಲ ಬಿಟ್ಟು ಮೂಲೆಯಲ್ಲಿ ಧೂಳು ಹಿಡಿದಿದ್ದ ನೀಲಿಯದೊಂದನ್ನು ಕೇಳಿದೆ. ಅಂಗಡಿಯವನಿಗೆ ನನ್ನ ಮೇಲೆ ಕನಿಕರ ಬಂತು. "ಅದು ಹುಳೀದು ಮೇಡಂ, ಯಾರೂ ತಗಳಲ್ಲ, ಟೊಮೇಟೊ ತಗಳ್ಳಿ" ಎಂದ. ಅದೇ ಬೇಕು ಎಂದೆ. ಒಡೆದು ಮೂಗಿಟ್ಟೆ. ಮೂಗಿನ ಹೊಳ್ಳೆಯೊಳಗೆ ಇರುವೆ ಕಚ್ಚಿದ ಹಾಗೆ ಚುರ್ರೆಂದಿತು, ಕಣ್ಣಲ್ಲಿ ನೀರು ಬಂತು. ನಾನು ಹಳೆಯ ಮಾಲೋ ಹೊಸದೋ ಎಂದು ಪರೀಕ್ಷೆ ಮಾಡುತ್ತಿದ್ದೇನೆಂದು ತಿಳಿದು ಅವನು ಬೇಸರಪಟ್ಟುಕೊಂಡ. ಅವನಿಗೆ ಹೇಳುವುದು ಹೇಗೆ? ನಾನು ಆಗ ಅವನ ಅಂಗಡಿಯ ಮುಂದೆ ಇರಲೇ ಇಲ್ಲ. ಮಾಯಸಂದ್ರದ ನಮ್ಮ ಮನೆಯ ಜಗಲಿಯಲ್ಲಿದ್ದೆ, ವಯಸ್ಸು ಇಪ್ಪತ್ತರ ಒಳಗಿತ್ತು, ಅಪ್ಪನ ಬಾಯಿಯನ್ನೇ ನೋಡುತ್ತಾ ನಿಂತಿದ್ದೆ.

ಉಪ್ಪು, ವಿನೆಗರ್ ಹಾಕಿದ ಆಲೂಗೆಡ್ಡೆ ಚಿಪ್ಸನ್ನು ಕಲ್ಪತರು ನಾಡಿನಲ್ಲಿ ಮೊಟ್ಟಮೊದಲು ತಿಂದವರು ನಾವೇ ಎಂದು ಹೇಳಿಕೊಳ್ಳುವ ಆಸೆ ನನಗಿದೆ. ಆಧಾರವೇನೂ ಇಲ್ಲ. ಆದರೆ ತಿಂದು, ಕೂತು, ಅದರ ಮೇಲೆ ತಿಂಗಳುಗಟ್ಟಲೆ ತೀರ್ಪು ಕೊಟ್ಟವರು ಬೇರೆ ಯಾರೂ ಇರಲಾರರು ಎಂಬುದು ಖಂಡಿತ.

ಅದಕ್ಕೆ ಮೊದಲು ಅಪ್ಪನ ನಾಲಿಗೆಯ ವಿಚಾರ ಹೇಳಬೇಕು. ಅಪ್ಪನ ಹೆಸರು ಶಿವನಂಜಪ್ಪ. ತುರುವೇಕೆರೆ ರಸ್ತೆಯ ಪಕ್ಕದಲ್ಲಿ ನಮ್ಮ ತೆಂಗಿನ ತೋಟ, ತೋಟದ ತುದಿಗೆ ಮನೆ. ನಮ್ಮ ಕಡೆ ಬಲಿತ ಕಾಯನ್ನು ಅಟ್ಟಕ್ಕೆ ಹಾಕಿ ವರ್ಷದ ಹತ್ತಿರ ಹಾಗೇ ಬಿಡುತ್ತಾರೆ. ಒಳಗಿನ ನೀರು ತಾನೇ ಇಂಗಿ, ತಿರುಳು ಚಿಪ್ಪಿನಿಂದ ಬಿಟ್ಟುಕೊಂಡು, ಅಲ್ಲಾಡಿಸಿದರೆ ಗಟಗಟ ಸದ್ದು ಮಾಡುತ್ತದೆ. ಆಗ ಒಡೆದರೆ ಇಡಿಯ ಉಂಡೆ ಕೊಬ್ಬರಿ, ಗಿಟುಕು. ಅಪ್ಪ ಗಿಟುಕಿನ ಅಂಚಿನಿಂದ ಉಗುರಿನಷ್ಟು ಚೂರು ಕಡಿದು, ಎರಡು ಸಲ ಅಗಿದು, ಈ ಅಟ್ಟ ಇಳಿಸಬಹುದು, ಇದು ಇನ್ನೂ ತಿಂಗಳು ಇರಲಿ, ಇದರ ಎಣ್ಣೆ ಕೆಟ್ಟು ಕನರು ಬಂದಿದೆ ಮೊದಲು ಮಾರಿಬಿಡು ಎಂದು ಹೇಳುತ್ತಿದ್ದರು. ಪಕ್ಕದ ತೋಟದ ಕರಿಯಪ್ಪಣ್ಣನಂತೂ ಅಪ್ಪ ಅಗಿಯದ ಹೊರತು ಅಟ್ಟದಿಂದ ಒಂದು ಕಾಯಿ ಇಳಿಸುತ್ತಿರಲಿಲ್ಲ.

ಹೊರಗೆ ಕೊಬ್ಬರಿಗೆ ಸಿಗುತ್ತಿದ್ದ ತೀರ್ಪು ಒಳಗೆ ಅಮ್ಮನ ಅಡುಗೆಗೂ ಸಿಗುತ್ತಿತ್ತು. ಮುದ್ದೆ ಮುರಿದು ಸಾರಿಗೆ ಅದ್ದಿ ಮೊದಲ ತುತ್ತು ನುಂಗಿದೊಡನೆ ಅಪ್ಪ ಹೇಳಲೇಬೇಕು. ಉಪ್ಪು ಒಂದು ಹರಳು ಮುಂದು. ಹುಣಸೆ ಹಳೇದು. ಕಾರ ಅರೆಯುವಾಗ ಮನಸ್ಸು ಇಲ್ಲಿರಲಿಲ್ಲ. ಅಮ್ಮ ಗೌರಮ್ಮ, ಬಾಯಿ ಮುಚ್ಚಿಕೊಂಡು ಕೇಳುವ ಪೈಕಿಯಲ್ಲ. ನಾಲಿಗೆ ಅಷ್ಟು ಉದ್ದ ಇದ್ದರೆ ನಾಳೆಯಿಂದ ಒಲೆ ಮುಂದೆ ನೀವೇ ಕೂರಿ ಎನ್ನುತ್ತಿದ್ದಳು. ಅಪ್ಪ ಇನ್ನೊಂದು ಸೌಟು ಸಾರು ಹಾಕಿಸಿಕೊಳ್ಳುತ್ತಿದ್ದರು. ಬೇರೆಯವರ ಮನೆಯಲ್ಲಿ ಗಂಡ ಹೆಂಡತಿ ಏನು ಮಾತಾಡುತ್ತಾರೋ ನನಗೆ ತಿಳಿಯದು. ನಮ್ಮ ಮನೆಯಲ್ಲಿ ಅವರಿಬ್ಬರ ಸಂಸಾರದ ಮಾತುಕತೆ ಎಂದರೆ ಹೆಚ್ಚುಕಡಿಮೆ ಇಷ್ಟೇ. ನಾನು ಚಿಕ್ಕವಳಿದ್ದಾಗ ಅದನ್ನು ಜಗಳ ಎಂದೇ ತಿಳಿದಿದ್ದೆ.

ಆ ವರ್ಷ ಆಷಾಢದಲ್ಲಿ ಅಪ್ಪನಿಗೆ ಟೈಫಾಯಿಡ್ ಆಯಿತು. ಮಲಗಿದವರು ಏಳುವ ಹೊತ್ತಿಗೆ ಅಂಗಿಯೊಳಗೆ ಮೈ ಹುಡುಕಬೇಕಾಗಿತ್ತು. ಜ್ವರ ಹೋಯಿತು, ಕಾಲಿಗೆ ಕಸುವು ಬಂತು, ತೋಟಕ್ಕೂ ಹೋಗಿ ಬರತೊಡಗಿದರು. ಆದರೆ ಬಾಯಿಗೆ ರುಚಿ ಬರಲಿಲ್ಲ. ಏನು ತಿಂದರೂ ಮಣ್ಣು ತಿಂದಂಗೆ ಆಗ್ತೈತೆ ಎನ್ನುತ್ತಿದ್ದರು. ತುರುವೇಕೆರೆಯ ಡಾಕ್ಟರು, ಬರುತ್ತದೆ, ಕೆಲವರಿಗೆ ತಡವಾಗುತ್ತದೆ, ಕೆಲವರಿಗೆ ಪೂರ್ತಿ ಬರುವುದಿಲ್ಲ ಎಂದು ಮೂರು ಥರದ ಉತ್ತರವನ್ನೂ ಒಟ್ಟಿಗೇ ಕೊಟ್ಟು ಕಳಿಸಿದರು.

ಅಮ್ಮ ತನ್ನ ಡಾಕ್ಟರಿಕೆ ಶುರು ಮಾಡಿದಳು. ಮೆಣಸಿನ ಸಾರು, ಹೇರಳೆಕಾಯಿ ಉಪ್ಪಿನಕಾಯಿ, ಶುಂಠಿ ತಂಬುಳಿ, ಹುಣಸೆ ಚಿಗುರಿನ ಗೊಜ್ಜು. ಅಪ್ಪ ಎಲ್ಲವನ್ನೂ ಉಂಡರು, ಏನೂ ಹೇಳಲಿಲ್ಲ. ಊಟದ ಹೊತ್ತಿನಲ್ಲಿ ಮನೆಯಲ್ಲಿ ಮುದ್ದೆ ನುಂಗುವ ಸದ್ದು ಬಿಟ್ಟರೆ ಬೇರೆ ಸದ್ದಿರಲಿಲ್ಲ. ಕರಿಯಪ್ಪಣ್ಣ ಗಿಟುಕು ಹಿಡಿದುಕೊಂಡು ಬಂದರೆ ಅಪ್ಪ ಅದನ್ನು ಕೈಯಲ್ಲಿ ತಿರುಗಿಸಿ ನೋಡಿ, ನಾಳೆ ನೋಡೋಣ ಬುಡು ಎಂದು ವಾಪಸು ಕೊಡುತ್ತಿದ್ದರು. ನಾಳೆಯೂ ಅದೇ ಮಾತು. ಕೊನೆಗೆ ಅವನೂ ಬರುವುದು ಬಿಟ್ಟ.

ಸ್ವಲ್ಪ ದಿನದ ಮೇಲೆ ಅಪ್ಪ ಇದ್ದಕ್ಕಿದ್ದಂತೆ ಮಾತಾಡತೊಡಗಿದರು. ಮೊದಲ ತುತ್ತಾದ ಮೇಲೆ, ಸರಿಯಾಗೈತೆ ಎನ್ನುವರು. ದಿನವೂ ಅಷ್ಟೇ, ಸರಿಯಾಗೈತೆ. ಅವರ ಬಾಯಲ್ಲಿ ಆ ಮಾತನ್ನು ಅಮ್ಮ ಇಪ್ಪತ್ತೈದು ವರ್ಷದಲ್ಲಿ ಕೇಳಿರಲಿಲ್ಲವಾದ್ದರಿಂದ ಅವಳಿಗೆ ಅನುಮಾನ ಬಂತು. ಒಂದು ಮಧ್ಯಾಹ್ನ ಹುರುಳಿ ಬಸ್ಸಾರು ಬಡಿಸಿದಳು. ನಾನು ಬಾಯಿಗಿಟ್ಟುಕೊಂಡೆ, ಒಂದು ಹರಳು ಉಪ್ಪೂ ಇರಲಿಲ್ಲ. ತಲೆ ಎತ್ತಿದರೆ ಅಮ್ಮ ನನ್ನನ್ನೇ ನೋಡುತ್ತಿದ್ದಳು. ಆ ನೋಟದಲ್ಲಿ ಸುಮ್ಮನಿರು ಎಂಬ ಅಪ್ಪಣೆಯಿತ್ತು. ನಾನು ಮುಖ ಗೋಡೆಯಂತೆ ಮಾಡಿಕೊಂಡು ನುಂಗಿದೆ. ಅಪ್ಪ ಉಂಡರು, ನನ್ನ ಮುಖದ ಕಡೆ ಒಂದು ಸಲ ಕಣ್ಣು ಹಾಯಿಸಿದರು, ಸರಿಯಾಗೈತೆ ಎಂದರು. ಆಗ ನನಗೂ ಗೊತ್ತಾಯಿತು. ಅವರು ಇಷ್ಟು ದಿನ ರುಚಿ ನೋಡುತ್ತಿದ್ದದ್ದು ನಾಲಿಗೆಯಿಂದಲ್ಲ, ನನ್ನ ಮೂತಿಯಿಂದ. ಅಮ್ಮ ತನ್ನ ಪಾಲಿನ ಚಪ್ಪೆ ಸಾರನ್ನು ಉಪ್ಪು ಹಾಕಿಕೊಳ್ಳದೆ ಹಾಗೇ ಉಂಡು ಎದ್ದಳು. ಅಮ್ಮನಾಗಲಿ ನಾನಾಗಲಿ ಅಪ್ಪನ ಮುಂದೆ ಆ ಮಾತು ಎತ್ತಲಿಲ್ಲ.

ಆ ಚಿಪ್ಸ್ ತಂದ ಜೀನ್ ನಮ್ಮ ಮನೆಗೆ ಬಂದದ್ದು ಕಾರ್ತಿಕದಲ್ಲಿ. ಶ್ರವಣಬೆಳಗೊಳದ ದಾರಿಯಲ್ಲಿದ್ದ ಬಸ್ಸಿನ ಆಕ್ಸಲ್ ನಮ್ಮ ತೋಟದ ಬೇಲಿಯ ಎದುರೇ ಮುರಿಯಿತು. ಇಳಿದವರೆಲ್ಲ ನೆಂಟರಿಷ್ಟರ ಊರು ನೆನಪು ಮಾಡಿಕೊಂಡು ಒಬ್ಬೊಬ್ಬರೇ ಕರಗಿದರು. ಉಳಿದವಳು ಬೆನ್ನಿಗೆ ಮೂಟೆಯಂಥ ಚೀಲ ಕಟ್ಟಿಕೊಂಡಿದ್ದ, ಬಿಸಿಲಿಗೆ ಮೂಗು ಸಿಪ್ಪೆ ಎದ್ದಿದ್ದ ಇಂಗ್ಲೆಂಡಿನ ಹೆಂಗಸು ಒಬ್ಬಳೇ. ಕಂಡಕ್ಟರು ಅವಳನ್ನು ನಮ್ಮ ಜಗಲಿಗೆ ಕರೆತಂದು ನಿಲ್ಲಿಸಿದ. "ಬೆಳಿಗ್ಗೆ ಬಸ್ಸು ಬರೋಗಂಟ ಈಯಮ್ಮಂಗೆ ಜಾಗ ಕೊಡಿ ಯಜಮಾನ್ರೇ. ನಿಮ್ಮ ಮಗಳು ಇಂಗ್ಲಿಷ್ ಓದವ್ಳಲ್ಲ" ಎಂದ.

ಓದಿದ್ದೆ, ನಿಜ. ತಿಪಟೂರಿನ ಕಾಲೇಜಿನಲ್ಲಿ ಬಿ.ಎ. ಎರಡನೇ ವರ್ಷ ಓದಿ, ಇಂಗ್ಲಿಷಿನಲ್ಲಿ ಫೇಲಾಗಿ, ಮುಂದಿನ ಪರೀಕ್ಷೆಗೆ ಕಟ್ಟಿ ಮನೆಯಲ್ಲಿ ಕೂತಿದ್ದೆ. ಈ ವಿವರ ಕಂಡಕ್ಟರಿಗೆ ಗೊತ್ತಿರಲಿಲ್ಲ, ಅಪ್ಪ ಅಮ್ಮ ಹೇಳಲಿಲ್ಲ. ದೇಶಭಕ್ತಿಯ ಮೇಲೆ ಮೂರು ಪುಟ ಇಂಗ್ಲಿಷ್ ಪ್ರಬಂಧ ಬಾಯಿಪಾಠ ಮಾಡಿದ್ದ ನನಗೆ, ಕೈಕಾಲು ತೊಳೆಯಲು ಬಚ್ಚಲು ಆ ಕಡೆ ಇದೆ ಎಂದು ಹೇಳಲು ಬರಲಿಲ್ಲ. ಕೈ ಹಿಡಿದು ಕರೆದುಕೊಂಡು ಹೋಗಿ ತೋರಿಸಿದೆ. ಅವಳ ಹೆಸರನ್ನು ಅಮ್ಮ ಜೀನಮ್ಮ ಎಂದು ತಿದ್ದಿಕೊಂಡಳು. ಜೀನ ಎಂದರೆ ಜಿಪುಣ ಎಂದು ನಾನು ಅವಳಿಗೆ ಹೇಳಲು ಹೋಗಲಿಲ್ಲ.

ಜೀನಮ್ಮ ಮುದ್ದೆಯನ್ನು ಅಗಿದು ಅಗಿದು ದವಡೆ ಸೋತು, ನುಂಗುವುದೆಂದು ಅಮ್ಮ ತೋರಿಸಿಕೊಟ್ಟ ಮೇಲೆ ಕಣ್ಣು ಮುಚ್ಚಿ ನುಂಗಿದಳು. ಊಟವಾದ ಮೇಲೆ ಜಗಲಿಗೆ ಬಂದು ಚೀಲದಿಂದ ಎರಡು ಪೊಟ್ಟಣ ತೆಗೆದಳು. ಹೊರಡುವಾಗ ಅವಳ ತಾಯಿ ಚೀಲಕ್ಕೆ ತುರುಕಿದ್ದಂತೆ. ಅದರಲ್ಲೊಂದನ್ನು ಒಡೆದು ಅಮ್ಮನ ಮುಂದೆ ಹಿಡಿದಳು. ಒಳಗೆ ತೆಳ್ಳಗೆ, ಬೆಳ್ಳಗೆ, ಸುರುಟಿಕೊಂಡ ಬಿಲ್ಲೆಗಳು. ಅಮ್ಮ ಕೈ ಚಾಚುವ ಮೊದಲು ನನ್ನ ಕಡೆ ತಿರುಗಿ, ಇದರಲ್ಲಿ ಮೊಟ್ಟೆ ಗಿಟ್ಟೆ ಇಲ್ವಾ ಕೇಳು ಎಂದಳು. ಕೇಳಿದೆ. ಆಲೂಗೆಡ್ಡೆ, ಎಣ್ಣೆ, ಉಪ್ಪು, ವಿನೆಗರ್ ಎಂದಳು ಜೀನ್. ವಿನೆಗರ್ ಅಂದರೇನು ಎಂದಳು ಅಮ್ಮ. ನನಗೆ ಗೊತ್ತಿರಲಿಲ್ಲ. ಜೀನ್ ಬಹಳ ತಾಳ್ಮೆಯಿಂದ ವಿವರಿಸಿದಳು. ಅವಳು ಹೇಳಿದ ಉದ್ದನೆಯ ಮಾತಿನಲ್ಲಿ ನನಗೆ ತಿಳಿದದ್ದು ಬೀರ್ ಎನ್ನುವ ಒಂದೇ ಪದ.

"ಹುಳಿ ಬಂದ ಬೀರ್ ಅಂತೆ ಅಮ್ಮ" ಎಂದೆ.

ಅಮ್ಮ ಕೈ ಹಿಂದಕ್ಕೆ ಎಳೆದುಕೊಂಡಳು. ದೇವರ ಮನೆಯ ಬಾಗಿಲನ್ನು ಒಮ್ಮೆ ನೋಡಿದಳು. ಜೀನಳ ಮುಖ ಬಾಡಿತು. ಆಗ, ಅದುವರೆಗೂ ಕಂಬಕ್ಕೆ ಒರಗಿ ಸುಮ್ಮನೆ ಕೂತಿದ್ದ ಅಪ್ಪ ಸಣ್ಣಗೆ ನಕ್ಕರು. "ಹುಳಿ ಬಂದ ಮ್ಯಾಲೆ ಅದು ಹೆಂಡ ಎಲ್ಲಿ ಆಯ್ತು ಬುಡು. ಹೆಪ್ಪಾದ ಮ್ಯಾಲೆ ಮೊಸರನ್ನ ಯಾರಾರ ಹಾಲು ಅಂತಾರಾ" ಎಂದು ಹೇಳಿ ಒಂದು ಬಿಲ್ಲೆ ತೆಗೆದು ಬಾಯಿಗಿಟ್ಟುಕೊಂಡರು.

ಗರ್ ಎಂದು ಸದ್ದಾಯಿತು. ಅಪ್ಪ ಅಗಿಯುವುದನ್ನು ನಿಲ್ಲಿಸಿದರು. ಹುಬ್ಬು ಗಂಟಾಯಿತು. ನನ್ನ ಮುಖದ ಕಡೆ ನೋಡಲಿಲ್ಲ. ನಾನಿನ್ನೂ ತಿಂದೇ ಇರಲಿಲ್ಲ, ನೋಡಿದ್ದರೂ ಏನೂ ಸಿಗುತ್ತಿರಲಿಲ್ಲ.

"ಇದು ಮೂಗಿಗೆ ಹೊಡೀತೈತೆ" ಎಂದರು.

ಇನ್ನೊಂದು ತೆಗೆದುಕೊಂಡರು. ಹುಣಸೆ ಅಲ್ಲ ಎಂದರು. ಮತ್ತೊಂದು. ನಿಂಬೆ ಅಲ್ಲ, ಮಾವಿನಕಾಯಿ ಅಲ್ಲ, ಮಜ್ಜಿಗೆಯೂ ಅಲ್ಲ. ಕತ್ತಲಲ್ಲಿ ತಡಕಾಡುತ್ತಾ ಗೋಡೆ ಮುಟ್ಟಿದವರ ಹಾಗೆ ಒಂದೊಂದೇ ಹುಳಿಯ ಹೆಸರು ಹೇಳಿ ಬಿಡುತ್ತಾ ಹೋದರು. ಅಮ್ಮ ಬಾಗಿಲ ಬಳಿ ಸೆರಗಿನ ತುದಿ ಹಿಡಿದು ನಿಂತಿದ್ದಳು. ಆಮೇಲೆ ತಾನೂ ಬಂದು, ದೇವರ ಮನೆಗೆ ಬೆನ್ನು ಮಾಡಿ, ಒಂದು ಬಿಲ್ಲೆ ಬಾಯಿಗಿಟ್ಟು, ಮುಖ ಹಿಂಡಿದಳು.

"ಹಳಸೈತೆ" ಎಂದು ತೀರ್ಪು ಕೊಟ್ಟಳು.

"ಹಳಸಿದ್ರೆ ಅಂಟು ಬರ್ತೈತೆ. ಇದು ಗರಿಗರಿ ಐತೆ."

"ಗರಿಗರಿ ಇದ್ರೆ ಹಳಸಬಾರ್ದಾ? ಹೋದ ಯುಗಾದೀಲಿ ನಿಮ್ಮಕ್ಕ ತಂದ ನಿಪ್ಪಟ್ಟು ಏನಾಗಿತ್ತು?"

"ಅದು ಕನರು. ಇದು ಹುಳಿ. ಎರಡಕ್ಕೂ ಯತ್ವಾಸ ಐತೆ ಕಣೆ."

ಮಾತಿಗೆ ಮಾತು ಬೆಳೆಯಿತು. ಅಪ್ಪನ ಅಕ್ಕನ ನಿಪ್ಪಟ್ಟಿನಿಂದ ಹಿಡಿದು ಅಮ್ಮನ ತವರಿನ ಮಾವಿನಕಾಯಿ ತನಕ ಹೋಯಿತು. ತನ್ನ ಪೊಟ್ಟಣದಿಂದ ಮನೆಯಲ್ಲಿ ಜಗಳ ಹತ್ತಿತೆಂದು ಜೀನ್ ಗಾಬರಿಯಾಗಿ ನನ್ನನ್ನು ಕೇಳಿದಳು. ನನಗೆ ಬಂದ ಇಂಗ್ಲಿಷಿನಲ್ಲಿ, "ಫಾದರ್ ಮದರ್ ಟಾಕಿಂಗ್. ಗುಡ್. ವೆರಿ ಗುಡ್" ಎಂದೆ. ಅವಳಿಗೆ ಎಷ್ಟು ಅರ್ಥವಾಯಿತೋ ಕಾಣೆ. ಬೆಳಿಗ್ಗೆ ಬಸ್ಸು ಹತ್ತುವಾಗ ಎರಡನೇ ಪೊಟ್ಟಣವನ್ನು ಅಪ್ಪನ ಕೈಗೇ ಕೊಟ್ಟು ಹೋದಳು. ಅವಳನ್ನು ನಾವು ಮತ್ತೆ ಕಾಣಲಿಲ್ಲ.

ಆ ಎರಡನೇ ಪೊಟ್ಟಣವನ್ನು ಅಮ್ಮ ಬಿಗಿ ಮುಚ್ಚಳದ ತಗಡಿನ ಡಬ್ಬಕ್ಕೆ ಸುರಿದಳು. ಅದರಿಂದ ಯಾರೂ ತಿನ್ನುವ ಹಾಗಿಲ್ಲ, ಹೋಲಿಸಿ ನೋಡಲು ಮಾತ್ರ. ಯಾಕೆಂದರೆ ಅಮ್ಮ ಅದನ್ನು ಮಾಡಿ ನೋಡುವುದೆಂದು ನಿಶ್ಚಯಿಸಿದ್ದಳು. ಗಂಡನ ನಾಲಿಗೆಗೆ ಏನೋ ಒಂದು ತಗುಲಿದೆ, ಅದೇನೆಂದು ಅವಳಿಗೆ ತಿಳಿಯಬೇಕಿತ್ತು.

ಸಂತೆಗೆ ಹಾಸನದ ಕಡೆಯ ಆಲೂಗೆಡ್ಡೆ ಬರುತ್ತಿದ್ದ ಕಾಲ. ಈಳಿಗೆಮಣೆಯ ಮೇಲೆ ಕೂತು ಅಮ್ಮ ಗೆಡ್ಡೆಯನ್ನು ವೀಳ್ಯದೆಲೆಯಷ್ಟು ತೆಳ್ಳಗೆ ಹೆಚ್ಚಿದಳು. ನಾನು ಹೆಚ್ಚಿದ್ದು ಒಂದು ಕಡೆ ಎಲೆ, ಇನ್ನೊಂದು ಕಡೆ ಹಲಗೆ. ಅದನ್ನು ಪಲ್ಯಕ್ಕೆ ಕಳಿಸಿ ನನ್ನನ್ನು ಬಟ್ಟೆಯ ಮೇಲೆ ಹರಡುವ ಕೆಲಸಕ್ಕೆ ಹಾಕಿದಳು. ಕಡಲೆಕಾಯಿ ಎಣ್ಣೆಯಲ್ಲಿ ಕರಿದು, ನಿಂಬೆಹಣ್ಣು ಹಿಂಡಿದಳು. ಬಿಲ್ಲೆಗಳೆಲ್ಲ ಮಳೆಯಲ್ಲಿ ನೆನೆದ ಹಪ್ಪಳದಂತೆ ಜೋತುಬಿದ್ದವು. ಹುಣಸೆ ರಸ ಚಿಮುಕಿಸಿದಾಗ ಅದೇ ಕಥೆ, ಜೊತೆಗೆ ಬಣ್ಣವೂ ಕೆಟ್ಟಿತು. ಹುಳಿ ಮಜ್ಜಿಗೆಯಲ್ಲಿ ನೆನೆಸಿ ಕರಿದದ್ದು ಕಪ್ಪಾಯಿತು. ಪ್ರತಿ ಸಲವೂ ಅಪ್ಪ ಒಂದು ಕೈಯಲ್ಲಿ ಜೀನಮ್ಮನ ಬಿಲ್ಲೆ, ಇನ್ನೊಂದು ಕೈಯಲ್ಲಿ ಅಮ್ಮನದು ಹಿಡಿದು, ಇದರ ಚೂರು ಅದರ ಚೂರು ಕಡಿದು ಯೋಚನೆಗೆ ಬೀಳುತ್ತಿದ್ದರು. ಇದಲ್ಲ ಎನ್ನುತ್ತಿದ್ದರು. ಇಷ್ಟು ಮಟ್ಟಿಗೆ ಯಾರು ಬೇಕಾದರೂ ಹೇಳಬಹುದಿತ್ತು. ಅವರಿಗೆ ರುಚಿ ನಿಜವಾಗಿ ತಿಳಿಯುತ್ತಿದೆಯೋ, ಇಲ್ಲ ಮೆತ್ತಗಾದದ್ದನ್ನು ಹಲ್ಲಿನಿಂದ ಕಂಡುಹಿಡಿಯುತ್ತಿದ್ದಾರೋ ಎಂಬ ಸಂಶಯ ನನ್ನನ್ನು ಬಿಟ್ಟಿರಲಿಲ್ಲ. ಅಮ್ಮನನ್ನೂ ಬಿಟ್ಟಿರಲಿಲ್ಲ ಎಂದು ಆಮೇಲೆ ತಿಳಿಯಿತು.

ತಿಪಟೂರಿನ ಕೊಬ್ಬರಿ ಮಂಡಿಯಲ್ಲಿ ಗುಮಾಸ್ತನಾಗಿದ್ದ ಮಹಾಲಿಂಗಮಾವ, ಅಮ್ಮನ ತಮ್ಮ, ವಿಷಯ ಕೇಳಿ ನಿಂಬೆ ಉಪ್ಪು ತಂದುಕೊಟ್ಟ. ಸಕ್ಕರೆಯಂತೆ ಕಾಣುವ ಹುಳಿ ಹರಳು. ಅದನ್ನು ಉಪ್ಪಿನ ಜೊತೆ ಕುಟ್ಟಿ ಉದುರಿಸಿದರೆ ಬಿಲ್ಲೆ ಗರಿಗರಿಯಾಗಿಯೇ ಇತ್ತು. ನಾನೂ ಮಾವನೂ ಗೆದ್ದೆವೆಂದುಕೊಂಡೆವು. ಅಪ್ಪ ತಿಂದು, ಹುಳಿ ಬಂತು, ಮೂಗಿಗೆ ಬರಲಿಲ್ಲ ಎಂದರು. ಮಾವನಿಗೆ ರೇಗಿತು. ಬೇರೆ ಯಾವ ತಿಂಡಿಯನ್ನಾದರೂ ಮೂಗಿನಿಂದ ತಿಂದದ್ದುಂಟೇ ಎಂದು ಕೇಳಿದ. ಆದರೆ ಅವನೇ, ಮಂಡಿಯ ಹತ್ತಿರದ ಸಾಬರೊಬ್ಬರನ್ನು ವಿಚಾರಿಸಿದೆ, ವಿನೆಗರ್ ಅಂದರೆ ಸಿರ್ಕಾ ಅಂತೆ, ಕಬ್ಬಿನ ಹಾಲು ಹುಳಿ ಬರಿಸಿಯೂ ಮಾಡುತ್ತಾರಂತೆ ಎಂಬ ಸುದ್ದಿಯನ್ನೂ ಹೇಳಿದ.

ಅದನ್ನು ಕೇಳಿದ್ದೇ ಅಪ್ಪ ಎದ್ದು ಹಿತ್ತಲಿಗೆ ಹೋದರು. ಮೊಳಕೆ ಬಂದ, ಬಿರುಕು ಬಿಟ್ಟ ಕಾಯಿಗಳನ್ನು ಅಟ್ಟಕ್ಕೆ ಹಾಕದೆ ಅಲ್ಲೇ ಒಡೆದು ಹೋಳು ಒಣಗಿಸುತ್ತಿದ್ದರು. ಒಡೆದ ನೀರು ಒಂದು ಗುಡಾಣಕ್ಕೆ ಬೀಳುತ್ತಿತ್ತು, ಎರಡು ದಿನ ಮರೆತರೆ ಘಾಟು ಬರುತ್ತಿತ್ತು. ಅಪ್ಪ ಗುಡಾಣದ ಮೇಲೆ ಬಗ್ಗಿ ಮೂಗು ಇಟ್ಟರು. ಮೇಲೆದ್ದು ನನ್ನನ್ನು ಕರೆದರು.

"ಇಸಾಲು, ಇಲ್ಲಿ ಬಾ. ಮೂಸು."

ವಿಶಾಲಾಕ್ಷಿ ಎಂಬ ನನ್ನ ಹೆಸರು ಅಪ್ಪನ ಬಾಯಲ್ಲಿ ಇಷ್ಟಕ್ಕೆ ಇಳಿದಿತ್ತು. ಮೂಸಿದೆ. ಚುರ್ರೆಂದಿತು. ಪೂರ್ತಿ ಅದೇ ಅಲ್ಲ, ಅದರ ದೂರದ ನೆಂಟ.

ಮರುದಿನವೇ ಹೊಸ ಕಾಯಿನೀರು, ಅಚ್ಚು ಬೆಲ್ಲದ ಚೂರು, ಹಳೆಯ ಮಡಕೆ, ಬಾಯಿಗೆ ತೆಳು ಬಟ್ಟೆ. ಮಡಕೆಗೆ ದನದ ಕೊಟ್ಟಿಗೆಯ ಬೆಚ್ಚನೆಯ ಮೂಲೆ. ಮೊದಲ ವಾರ ಅಲ್ಲಿಂದ ಬಂದದ್ದು ಸಾಕ್ಷಾತ್ ಹೆಂಡದ ವಾಸನೆ. ಅದೇ ಹೊತ್ತಿಗೆ ಸೋಮವಾರದ ಪೂಜೆಗೆ ಅಯ್ಯನವರು ಬಂದು ಜಗಲಿಯಲ್ಲಿ ಕೂತರು, ಗಾಳಿ ಕೊಟ್ಟಿಗೆಯ ಕಡೆಯಿಂದಲೇ ಬೀಸಬೇಕೇ. ಅವರು ಮೂಗರಳಿಸಿ ಅಪ್ಪನ ಕಡೆ ನೋಡಿದರು. ದನಕ್ಕೆ ಹೊಟ್ಟೆಯುಬ್ಬರ, ಔಷಧಿ ಹಾಕಿದ್ದೇನೆ ಎಂದರು ಅಪ್ಪ. ಎಂಥ ಔಷಧಿ ಎಂದು ಅಯ್ಯನವರು ಆಸಕ್ತಿಯಿಂದ ಕೇಳಿದರು, ಅವರ ಮನೆಯ ಎಮ್ಮೆಗೂ ಅದೇ ತೊಂದರೆಯಂತೆ. ಅಮ್ಮ ಒಳಗೆ ಸೆರಗು ಬಾಯಿಗೆ ತುರುಕಿಕೊಂಡು ನಗು ತಡೆದಳು. ಅವಳು ನಕ್ಕಿದ್ದನ್ನು ನೋಡಿ ಎಷ್ಟು ಕಾಲವಾಗಿತ್ತು ಎಂದು ನನಗೆ ಆಗ ಹೊಳೆಯಿತು.

ಶಿವರಾತ್ರಿಯ ಹತ್ತಿರ ಹೆಂಡದ ವಾಸನೆ ಹೋಗಿ ಮಡಕೆಯಲ್ಲಿ ತಿಳಿಯಾದ, ಮೂಗಿಗೆ ಹೊಡೆಯುವ ಹುಳಿ ನೀರು ನಿಂತಿತು. ಅಮ್ಮ ಆಲೂಗೆಡ್ಡೆ ಬಿಲ್ಲೆಗಳನ್ನು ಅದರಲ್ಲಿ ಮುಳುಗಿಸಿಟ್ಟು, ಸೋಸಿ, ನೆರಳಿನಲ್ಲಿ ಆರಿಸಿ ಕರಿದಳು. ಉಪ್ಪು ಉದುರಿಸುವಾಗ ನನ್ನನ್ನು ಹತ್ತಿರ ಬಿಡಲಿಲ್ಲ. ತಟ್ಟೆಗೆ ಹಾಕಿಕೊಟ್ಟು, ಅಪ್ಪನಿಗೆ ಕೊಟ್ಟು ನೀನು ಅವರ ಬೆನ್ನ ಹಿಂದೆ ನಿಂತ್ಕೋ, ಮುಂದೆ ಬರಬೇಡ ಎಂದು ಮೆಲ್ಲಗೆ ಹೇಳಿದಳು. ತಾನು ಒಲೆಯ ಕಡೆ ಮುಖ ಮಾಡಿಕೊಂಡು ಕೂತಳು.

ಅಡುಗೆಮನೆಯ ಹೊಸ್ತಿಲ ಬಳಿ ಕೂತಿದ್ದ ಅಪ್ಪ ಒಂದು ತಿಂದರು. ನನ್ನನ್ನು ಹುಡುಕಲು ಕತ್ತು ತಿರುಗಿಸಲು ಹೋಗಿ, ಏನನ್ನಿಸಿತೋ, ಅರ್ಧಕ್ಕೇ ನಿಲ್ಲಿಸಿದರು. ಇನ್ನೊಂದು ತಿಂದರು. ಒಲೆಯಲ್ಲಿ ತೆಂಗಿನ ಮಟ್ಟೆ ಚಟಪಟ ಉರಿಯುತ್ತಿತ್ತು.

"ಉಪ್ಪು ಜಾಸ್ತಿ ಹಾಕಿದ್ದೀಯ" ಎಂದರು.

ಅಮ್ಮ ತಿರುಗಲಿಲ್ಲ. "ಎಷ್ಟು ಜಾಸ್ತಿ?"

"ಒಂದಕ್ಕೆ ಎರಡರಷ್ಟು. ತುಟಿ ಉರೀತೈತೆ."

"ಹುಳಿ?"

"ಹುಳಿ ಐತೆ. ಆ ಜೀನಮ್ಮಂದು ಮೂಗಿಗೆ ಹೊಡೆದು ಹೋಗ್ತಿತ್ತು. ಇದು ಗಂಟಲ ತಾವ ಬಂದು ನಿಂತ್ಕಂತದೆ. ನಮ್ದೇ ವಾಸಿ." ಸ್ವಲ್ಪ ತಡೆದು ಹೇಳಿದರು. "ಗೌರಿ, ಇಷ್ಟು ದಿನ ನಾನು ಸರಿಯಾಗೈತೆ ಸರಿಯಾಗೈತೆ ಅಂದಿದ್ದೆಲ್ಲ ಸುಳ್ಳು ಕಣೆ."

"ಗೊತ್ತು."

"ಯಾವಾಗಿಂದ?"

"ಉಪ್ಪೇ ಇಲ್ಲದ ಬಸ್ಸಾರು ಉಂಡ್ರಲ್ಲ, ಅವತ್ತಿಂದ."

ಅಪ್ಪ ಈಗ ಪೂರ್ತಿ ತಿರುಗಿ ನನ್ನನ್ನು ನೋಡಿದರು. ನಾನು ಮಾಡಿನ ಜಂತೆಗಳನ್ನು ನೋಡತೊಡಗಿದೆ. ಅಮ್ಮ ಎದ್ದು ಬಂದು, ಆ ಉಪ್ಪಿನ ಬಿಲ್ಲೆಗಳನ್ನು ತಟ್ಟೆಯಿಂದ ತೆಗೆದುಕೊಂಡು ಹೋಗಿ ಕೊಡವಿ, ಮತ್ತೆ ತಂದಿಟ್ಟಳು. ಅವಳ ಕಣ್ಣು ಕೆಂಪಾಗಿತ್ತು. ಹೊಗೆ ಎಂದಳು. ಅಪ್ಪ ಇರಬೋದು ಎಂದರು. ಅವತ್ತಿನ ಬಿಲ್ಲೆಯ ಮೇಲೆ ನನ್ನ ತೀರ್ಪನ್ನು ಯಾರೂ ಕೇಳಲಿಲ್ಲವಾದ್ದರಿಂದ ಈಗ ಹೇಳುತ್ತೇನೆ. ಅದು ಜೀನಮ್ಮನ ಚಿಪ್ಸಿನಂತೆ ಇರಲಿಲ್ಲ. ತುಸು ದಪ್ಪ, ಅಂಚಿನಲ್ಲಿ ಕಂದು, ಹುಳಿಯ ಹಿಂದೆ ಎಲ್ಲೋ ಬೆಲ್ಲದ ನೆರಳು. ಮೊನ್ನೆ ಬೇಕರಿಯದನ್ನು ಪೂರ್ತಿ ತಿಂದು ಮುಗಿಸಿದೆ, ಚೆನ್ನಾಗಿಯೇ ಇತ್ತು. ಆದರೆ ಅದರಲ್ಲಿ ಹಿಂದೆ ಮುಂದೆ ಏನೂ ಇರಲಿಲ್ಲ.

ಉಪ್ಪು, ಹುಳಿ, ಕಾರ ಇಷ್ಟೂ ಅಪ್ಪನಿಗೆ ಒಂದೊಂದಾಗಿ ತಿರುಗಿ ಬಂದವು. ಊಟದ ಹೊತ್ತಿನ ವಾಗ್ವಾದವೂ ಬಂತು. ಸಿಹಿ ಮಾತ್ರ ಬರಲಿಲ್ಲ. ಪಾಯಸ ಕೊಟ್ಟರೆ ಬಿಸಿಯಾಗಿದೆ ಎನ್ನುವರು, ಅಷ್ಟೇ. ಡಾಕ್ಟರು ಹೇಳಿದ ಮೂರು ಉತ್ತರಗಳೂ ಹೀಗೆ ಒಂದೇ ಬಾಯಲ್ಲಿ ನಿಜವಾದವು. ಸಿಹಿ ತಿಳಿಯದವನಿಗೆ ಕೊಬ್ಬರಿ ತಿಳಿಯುವುದಾದರೂ ಹೇಗೆ? ಕಾಯಿ ಅಲ್ಲಾಡಿಸಿ ಸದ್ದು ಕೇಳಬಹುದು, ಸಿಪ್ಪೆಯ ಬಣ್ಣ ನೋಡಬಹುದು, ಕನರು ಬಂದಿದ್ದರೆ ಮೂಗು ಹೇಳುತ್ತದೆ. ಒಳಗಿನ ಮಾತನ್ನು ಹೇಳಬೇಕಾದದ್ದು ನಾಲಿಗೆ.

ಆ ಬೇಸಿಗೆಯಲ್ಲಿ ಕರಿಯಪ್ಪಣ್ಣ ಬಹಳ ದಿನದ ಮೇಲೆ ಗಿಟುಕು ಹಿಡಿದು ಬಂದ. ಅಪ್ಪನಿಗೆ ರುಚಿ ಬಂದಿದೆಯೆಂಬ ಸುದ್ದಿ ಅವನ ಕಿವಿಗೆ ಬಿದ್ದಿತ್ತು, ಅರ್ಧ ಮಾತ್ರ ಬಂದಿದೆ ಎಂಬುದು ಬಿದ್ದಿರಲಿಲ್ಲ. ಅಪ್ಪ ಗಿಟುಕನ್ನು ಕೈಯಲ್ಲಿ ತೂಗಿ, ಮೂಸಿ, ಅಂಚಿನಿಂದ ಒಂದು ಚೂರು ಮುರಿದರು. ಬಾಯಿಗೆ ಹಾಕಿಕೊಳ್ಳಲಿಲ್ಲ. ನಾಳೆ ನೋಡೋಣ ಬುಡು ಎನ್ನುತ್ತಾರೆಂದು ನಾನು ಕಾದೆ. ಅವರು ಒಳಗೆ ತಿರುಗಿ ಅಮ್ಮನನ್ನು ಕರೆದು, ಆ ಚೂರನ್ನು ಅವಳ ಕೈಗೆ ಕೊಟ್ಟರು. ಅಮ್ಮ ಕರಿಯಪ್ಪಣ್ಣನ ಎದುರಿಗೆ ಸಂಕೋಚಪಟ್ಟಳು. ಅಗಿ ಎಂದರು ಅಪ್ಪ. ಅಮ್ಮ ಅಪ್ಪನ ಹಾಗೆಯೇ ಎರಡು ಸಲ ಅಗಿದು ನಿಲ್ಲಿಸಿದಳು.

"ಸಿಹಿ ಐತೆ" ಎಂದಳು.

"ಎಂಥಾ ಸಿಹಿ?"

ಸಿಹಿ ಎಂದರೆ ಸಿಹಿ, ಅದನ್ನು ಇನ್ನು ಹೇಗೆ ಹೇಳುವುದು. ಅಮ್ಮ ಕಂಬ ಹಿಡಿದು ನಿಂತು ಮತ್ತೆ ಮೆಲ್ಲಗೆ ಅಗಿದಳು.

"ನಾನು ಈ ಮನೆಗೆ ಬಂದ ವರ್ಷ ಬಾವಿ ಪಕ್ಕದ ಮರ ಮೊದಲ್ನೇ ಫಸಲು ಕೊಡ್ತಲ್ಲ. ಅಟ್ಟದಿಂದ ಇಳ್ಸಿ ಒಡೆದಾಗ, ಮೊದಲ್ನೇ ಚೂರು ನೀವು ತಿನ್ನದೆ ನಂಗೆ ಕೊಟ್ರಿ. ಹಂಗೈತೆ."

ಅಪ್ಪ ಕಣ್ಣು ಮುಚ್ಚಿದರು. ಬಾಯಲ್ಲಿ ಏನೂ ಇಲ್ಲದಿದ್ದರೂ ಅವರ ದವಡೆ ಒಂದೆರಡು ಸಲ ಆಡಿತು.

"ಹಂಗಾದ್ರೆ ಅಟ್ಟ ಇಳಿಸ್ಬೋದು ಕಣಪ್ಪ" ಎಂದು ಕರಿಯಪ್ಪಣ್ಣನಿಗೆ ಹೇಳಿದರು.